ನೂರೆಂಟು ಹೊಲಿಗೆ

ಸ್ಕೋರ್ ಬುಕ್ಕು ಈಗಲೂ ನನ್ನ ಹತ್ತಿರವೇ ಇದೆ.
ಕಾಲೇಜಿಗೆ ಒಪ್ಪಿಸಬೇಕಿತ್ತು, ಒಪ್ಪಿಸಲಿಲ್ಲ.
ರಟ್ಟಿನ ಮೇಲೆ ಶಿಡ್ಲಘಟ್ಟದ ಪದವಿ ಕಾಲೇಜಿನ ಮೊಹರು,
ಒಳಗೆ ಪುಟಪುಟಕ್ಕೂ ತಬ್ರೇಜ್, ತಬ್ರೇಜ್, ತಬ್ರೇಜ್.

ಕಿಟ್ಟು ಬಂದದ್ದೇ ತಪ್ಪಿ.
ಪಿಲ್ಲಪ್ಪ ಸರ್ ಬರೆದು ಕೇಳಿದ್ದು ಬಾಲ್ ಬ್ಯಾಡ್ಮಿಂಟನ್ನು.
ಮೂಟೆ ಬಿಚ್ಚಿದರೆ ಒಂಬತ್ತು ಚರ್ಮದ ಗವಸು, ಎಲ್ಲವೂ ಎಡಗೈಯವೇ,
ನಾಲ್ಕು ಬಿಳಿ ಚೆಂಡು, ಒಂದು ದೊಣ್ಣೆ.
"ವಾಪಸ್ ಕಳಿಸೋಕೆ ಲಾರಿ ಬಾಡಿಗೆ ಯಾರಪ್ಪನ ಮನೇದು?
ಆಡೇ ಬಿಡೋಣ" ಅಂದರು.
ಚೌಡರೆಡ್ಡಿ ವೆಲ್ಡಿಂಗ್ ಅಂಗಡಿಯ ಮುಖವಾಡ ತಂದು
ಕ್ಯಾಚರ್ ಆದ.
ನನ್ನ ಅಕ್ಷರ ದುಂಡಗಿದೆಯೆಂದು ಪೆನ್ಸಿಲ್ ಕೊಟ್ಟರು.

ತಬ್ರೇಜ್ ಮಾತ್ರ ಚೆಂಡು ಎಸೆಯಲಿಲ್ಲ ಮೊದಲ ದಿನ.
ಕೂತು ಕೆಂಪು ದಾರದ ಮೇಲೆ ಬೆರಳಾಡಿಸಿದ.
"ನೂರೆಂಟಿದೆ ಹೊಲಿಗೆ" ಅಂದ ಕೊನೆಗೆ.
ನಮಗೂ ಮನೆಯಲ್ಲಿ ನೂರೆಂಟಿತ್ತು, ನಗು ಬಂತು.
ಅವನದು ಬಿಚ್ಚಾಣಿಕೆ ಮನೆ.
ಬೆಳಗಿನ ನಾಲ್ಕಕ್ಕೆ ಕುದಿವ ಬಾಣಲೆಯೊಳಗೆ
ಬೆಂದ ಗೂಡುಗಳ ನಡುವೆ, ಕಣ್ಣಿಗೆ ಕಾಣದ ಎಳೆಯ ತುದಿ
ಹುಡುಕಿದ ಬೆರಳು ಅವು.
ಅವಕ್ಕೆ ಈ ದಾರ ಹಗ್ಗದಷ್ಟು ದಪ್ಪ.

ಅರವತ್ತು ಅಡಿ ಆರಂಗುಲ.
ಅಷ್ಟು ದೂರವನ್ನು ಆ ಚೆಂಡು
ನೇರ ಬಂದಂತೆ ಬಂದು, ಕೊನೆಗೆ
ಏನೋ ಮರೆತವರ ಹಾಗೆ ಪಕ್ಕಕ್ಕೆ ತಿರುಗುತ್ತಿತ್ತು.
ದೊಣ್ಣೆ ಬೀಸಿ ಔಟಾದರೆ ನಾನು ಬರೆಯುವುದು ಕೆ.
ಬೀಸದೆ, ಬಾಯಿ ಬಿಟ್ಟು ನೋಡುತ್ತಲೇ ಔಟಾದರೆ
ಕನ್ನಡಿಯಲ್ಲಿ ಕಂಡ ಕೆ, ತಿರುಗುಮುರುಗು.
ಅವನ ಪುಟಗಳಲ್ಲಿ ಕನ್ನಡಿಯವೇ ಹೆಚ್ಚು.

ಲೆಕ್ಕ ಬೇಕಾ? ಮೂರು ವರ್ಷ, ಇಪ್ಪತ್ತಮೂರು ಪಂದ್ಯ.
ಮೊದಲನೆಯ ವರ್ಷ ಆರರಲ್ಲಿ ಐದು ಸೋಲು.
ನೂರಾ ಎಪ್ಪತ್ತೊಂದು ಕೆ.
ಎರಡು ಸಲ ಅಂತರಕಾಲೇಜು ಕಪ್ಪು
(ಒಂದರ ಹಿಡಿ ಬಸ್ಸಿನಲ್ಲೇ ಮುರಿಯಿತು).
ಚಿಂತಾಮಣಿಯವರ ಮೇಲೆ, ಗಾಳಿ ಬೀಸಿದ ಆ ಮಧ್ಯಾಹ್ನ,
ಒಬ್ಬರಿಗೂ ಒಂದು ಏಟೂ ಸಿಗಲಿಲ್ಲ.
ಮರುದಿನ ಪೇಪರಿನಲ್ಲಿ ಎರಡು ಸಾಲು:
"ಕ್ರಿಕೆಟ್: ತಬರೇಶ್‌ಗೆ ಬೌಲಿಂಗ್ ಪ್ರಶಸ್ತಿ."
ಅವನ ಅಮ್ಮಿ ಅದನ್ನೇ ಲ್ಯಾಮಿನೇಟ್ ಮಾಡಿಸಿದರು.

ಆಮೇಲೆ ಗುಂಟೂರು. ಅಖಿಲ ಭಾರತ, ಸೆಮಿಫೈನಲ್.
ಮೂರು-ಮೂರು ಸಮ. ಕೊನೆಯ ಸರದಿ ಅವರದು.
ಮೂರೂ ಬೇಸಿನಲ್ಲಿ ಅವರ ಹುಡುಗರು.
ಹೊರಡುವ ಹಿಂದಿನ ರಾತ್ರಿಯೂ ಬಾಣಲೆಗೆ ಕೂತಿದ್ದ,
ನಡುಬೆರಳಿನ ಬೊಬ್ಬೆ ಆಗಲೇ ಒಡೆದು
ಬಿಳಿ ಚೆಂಡಿನ ಮೇಲೆ ಒಂದು ಹೊಲಿಗೆ ಹೆಚ್ಚಾಗಿತ್ತು.
ಮೂರು ಬಾಲು, ಎರಡು ಸ್ಟ್ರೈಕು. ಎಸೆದ.
ಚೌಡರೆಡ್ಡಿಯ ಗವಸು ಅಲ್ಲಾಡಲಿಲ್ಲ.
ಅಂಪೈರಿನ ಕೈ ಏಳಲಿಲ್ಲ.

ಬಾಲು. ಮೂರನೇ ಬೇಸಿನವನು ಮನೆಗೆ ಬಂದ.
ಓಡಿಯಲ್ಲ, ನಡೆದು,
ಸಂತೆ ಮುಗಿಸಿ ಬರುವವನ ಹಾಗೆ.
ನನ್ನ ಕಣ್ಣಿಗೆ ಅದು ಸ್ಟ್ರೈಕು.
ಬರೆಯುವವಳಿಗೆ ಕಣ್ಣೆಲ್ಲಿಯದು, ಪೆನ್ಸಿಲ್ಲಷ್ಟೇ.
ಬಾಲೆಂದೇ ಬರೆದೆ, ಮುಳ್ಳು ಒತ್ತಿದ ಹಾಗೆ ಒತ್ತಿ.
ಹಿಂದಿನ ಎರಡು ಪುಟಕ್ಕೂ ಅದರ ಗುರುತು ಬಿದ್ದಿದೆ.

ಈಗ ನಾನು ಗೂಡಿನ ಮಾರುಕಟ್ಟೆಯಲ್ಲಿ
ಲಾಟ್ ನಂಬರು ಬರೆಯುವ ಗುಮಾಸ್ತೆ.
ಬಿಚ್ಚಾಣಿಕೆದಾರರ ಸಾಲಿನಲ್ಲಿ ಅವನೂ ಬರುತ್ತಾನೆ,
ಗಡ್ಡದಲ್ಲಿ ನಾಲ್ಕು ಬಿಳಿ. ಜಾಲರಿಗೆ ಕೈ ಹಾಕಿ
ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಇಡುತ್ತಾನೆ.
ಹನ್ನೊಂದು ವರ್ಷ ನುಂಗಿಕೊಂಡಿದ್ದೆ; ಮೊನ್ನೆ ಹೇಳಿಯೇಬಿಟ್ಟೆ:
"ಗುಂಟೂರಿಂದು ಸ್ಟ್ರೈಕು ಕಣೋ."

ಅವನು ಜೋಡಿಗೂಡೊಂದನ್ನು ಆರಿಸಿ ಬದಿಗೆಸೆದ.
ಇಪ್ಪತ್ತು ಹೆಜ್ಜೆ ಆಚೆಯ ಬುಟ್ಟಿಗೆ
ಅದು ಸದ್ದಿಲ್ಲದೆ ಬಿತ್ತು.

"ಇಲ್ಲ, ಬಾಲೇ ಅದು" ಅಂದ.
"ಕೈ ಬಿಡುವಾಗಲೇ ಬೆರಳಿಗೆ ಗೊತ್ತಾಗಿತ್ತು.
ನೀನು ಸರಿಯಾಗೇ ಬರೆದಿದ್ದೀಯ.
ಈ ಲಾಟಿಗೆ ಎಷ್ಟಕ್ಕೆ ನಿಂತಿದೆ ನೋಡು."